ಈಸ್ಟರ್ ಹಬ್ಬವೂ ನಿರೀಕ್ಷೆ ಎಂಬ ಮಾತೂ

ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಕ್ರೈಸ್ತ ಬಂಧುಗಳ ಎರಡು ದಿನಗಳು ಹತ್ತಿರ ಹತ್ತಿರವೇ ಬರುತ್ತವೆ. ಮೊದಲನೆಯದು ಶುಭ ಶುಕ್ರವಾರ. ಅಂದು ಸರಕಾರಿ ರಜೆ. ಬ್ಯಾಂಕು, ಶಾಲೆ, ಕಚೇರಿಗಳ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಆ ದಿನ ನಮಗೆಲ್ಲ ಗೊತ್ತು. ಎರಡನೆಯದು ಅದರ ಮೂರನೆಯ ದಿನಕ್ಕೆ ಬರುವ ಈಸ್ಟರ್. ಅದು ಯಾವಾಗಲೂ ಭಾನುವಾರವೇ ಬೀಳುವುದರಿಂದ ಅದಕ್ಕೆ ಬೇರೆ ರಜೆ ಇಲ್ಲ. ರಜೆ ಇಲ್ಲದ್ದರಿಂದ ನಮ್ಮ ಗಮನಕ್ಕೂ ಅದು ಬರುವುದಿಲ್ಲ. ಚಾಕಣದ ಔದ್ಯೋಗಿಕ ವಸಾಹತಿನಲ್ಲಂತೂ ಹಲವು ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಭಾನುವಾರ ಎಂದಿನಂತೆ ಪಾಳಿ ನಡೆಯುತ್ತದೆ. ಹೀಗೆ ಯೇಸುಸ್ವಾಮಿಯ ಮರಣದ ದಿನ ನಾವು ಮನೆಯಲ್ಲಿರುತ್ತೇವೆ. ಅವನು ಮರಣವನ್ನು ಗೆದ್ದು ಎದ್ದನೆಂದು ಅವರು ನಂಬುವ ದಿನ ಕೆಲಸಕ್ಕೆ ಹೋಗುತ್ತೇವೆ.

ಇದು ರಜೆಯ ವಿಷಯ ಮಾತ್ರ ಎಂದು ಬಿಟ್ಟುಬಿಡಬಹುದು. ಆದರೆ ತುಸು ಯೋಚಿಸಿದರೆ ನಮ್ಮ ಬಾಳುವೆಯ ರೀತಿಯೂ ಇದೇ ಅಲ್ಲವೇ ಎನಿಸುತ್ತದೆ. ಸಾವು, ಸೋಲು, ನಷ್ಟ ಇವುಗಳ ಲೆಕ್ಕ ನಮಗೆ ಚೆನ್ನಾಗಿ ಬರುತ್ತದೆ. ಊರಿನಲ್ಲಿ ಮಳೆ ಬಾರದ ವರ್ಷ ಯಾವುದು, ಹೊಲ ಮಾರಿದ್ದು ಎಂದು, ಕೆಲಸ ಹೋದದ್ದು ಯಾವ ತಿಂಗಳು, ಎಲ್ಲವೂ ನೆನಪಿದೆ. ಆದರೆ ಅದರ ಮರುದಿನ ನಾವು ಎದ್ದು ಒಲೆ ಹೊತ್ತಿಸಿದ್ದು ಹೇಗೆ, ಯಾವ ಬಲದಿಂದ, ಎಂಬುದರ ಲೆಕ್ಕ ನಾವು ಇಟ್ಟಿಲ್ಲ. ಈಸ್ಟರ್ ಹಬ್ಬ ಕೇಳುವುದು ಆ ಮರುದಿನದ ಲೆಕ್ಕವನ್ನು. ಆದ್ದರಿಂದ ಆ ಹಬ್ಬದ ಅರ್ಥವನ್ನು ವಿಚಾರಿಸುವುದು ಕ್ರೈಸ್ತರಲ್ಲದವರಿಗೂ ಅಪ್ರಸ್ತುತವಲ್ಲ.

ಒಂದು ಕಾಲಕ್ಕೆ ಈರುಳ್ಳಿಯ ಪೇಟೆಗೂ ಹಳೆಯ ಕೋಟೆಗೂ ಹೆಸರಾಗಿದ್ದ ಚಾಕಣ ಇಂದು ಮೋಟಾರು ಗಾಡಿಗಳ ಊರು. ಕಲಬುರಗಿ, ವಿಜಯಪುರ, ಬೀದರ, ಯಾದಗಿರಿಗಳಿಂದ ಬಂದ ನಮ್ಮವರು ಇಲ್ಲಿ ಯಂತ್ರದ ಮುಂದೆ ನಿಂತಿದ್ದಾರೆ, ಕಟ್ಟಡ ಕಟ್ಟುತ್ತಿದ್ದಾರೆ, ಲಾರಿಗೆ ಸರಕು ತುಂಬುತ್ತಿದ್ದಾರೆ. ಕನ್ನಡ ನಾಡಿನ ಕ್ರೈಸ್ತರೂ ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಪುಣೆಯ ಕಡೆ ಬಂದವರು: ಮಂಗಳೂರು–ಉಡುಪಿಯವರು, ಬಾಸೆಲ್ ಮಿಶನ್ನಿನ ಕಾಲದಿಂದಲೂ ಇರುವ ಧಾರವಾಡ–ಗದಗಿನ ಮನೆತನಗಳವರು, ಬೀದರ ಕಡೆಯ ಮೆಥಡಿಸ್ಟ್ ಸಭೆಯವರು. ಬಾಡಿಗೆಯ ಖೋಲಿಯ ಗೋಡೆ ನಮಗೂ ಅವರಿಗೂ ಒಂದೇ. ನಾವು ದೀಪಾವಳಿಯ ಫರಾಳ ಕೊಡುತ್ತೇವೆ, ಅವರು ಕ್ರಿಸ್‌ಮಸ್ ಹಬ್ಬದ ಕೇಕು ಕೊಡುತ್ತಾರೆ. ಆದರೆ ತಿಂಡಿಯ ತಟ್ಟೆ ದಾಟಿದಷ್ಟು ಸಲೀಸಾಗಿ ವಿಚಾರಗಳು ಗೋಡೆ ದಾಟುವುದಿಲ್ಲ.

ಈಸ್ಟರಿನ ತಿಥಿಯನ್ನು ಗೊತ್ತುಮಾಡುವ ಕ್ರಮ ಪಂಚಾಂಗ ನೋಡುವ ನಮಗೆ ಹೊಸದೆನಿಸದು. ವಸಂತದ ಸಮರಾತ್ರಿಯೆಂದು ಎಣಿಸಿದ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ, ಆ ಹುಣ್ಣಿಮೆಯ ಮುಂದಿನ ಭಾನುವಾರ. ಇದು ಅವರ ಸ್ಥೂಲವಾದ ಲೆಕ್ಕ. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಂದಾದರೂ ಬರಬಹುದು. ನಮ್ಮ ಯುಗಾದಿಯೂ ಇದೇ ಆಸುಪಾಸಿನಲ್ಲಿ ಬರುತ್ತದೆ. ಆದ್ದರಿಂದ ಎರಡೂ ವಸಂತದ ಹಬ್ಬಗಳು, ಚಿಗುರಿನ ಹಬ್ಬಗಳು, ಅರ್ಥ ಒಂದೇ ಎಂದು ಹೇಳಿಬಿಡುವುದು ಸುಲಭ. ಸಭೆಗಳಲ್ಲಿ ಹಾಗೆ ಹೇಳುವುದೂ ಉಂಟು. ಆದರೆ ಅದು ನಿಜವಲ್ಲ. ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿದ ನಮ್ಮ ಬೇಂದ್ರೆಯವರು ‘ಯುಗಾದಿ’ ಕವಿತೆಯಲ್ಲಿ ಈ ಸುಲಭದ ಮಾತಿಗೇ ತಡೆ ಹಾಕಿದ್ದಾರೆ. ಗಿಡಮರಗಳಿಗೆ ವರುಷ ವರುಷವೂ ಹೊಸತನ ಬರುತ್ತದೆ. ಮನುಷ್ಯನಿಗೆ ಮಾತ್ರ ಹಾಗೆ ಬಾರದು ಎಂಬ ಕೊರಗು ಆ ಕವಿತೆಯ ಒಳಗಿದೆ. ಚಿಗುರು ಪ್ರಕೃತಿಯ ನಿಯಮ. ಹೂಳಿದ ಮನುಷ್ಯ ಎದ್ದು ಬರುವುದು ಯಾವ ನಿಯಮದಲ್ಲೂ ಇಲ್ಲ. ಈಸ್ಟರ್ ಹೇಳುವುದು ನಿಯಮವನ್ನಲ್ಲ, ನಿಯಮ ಮುರಿದ ಸುದ್ದಿಯನ್ನು.

ಕನ್ನಡದ ಸತ್ಯವೇದವು ಕ್ರೈಸ್ತರ ಮೂರು ಮುಖ್ಯ ಗುಣಗಳನ್ನು ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಕರೆಯುತ್ತದೆ. ನಡುವಿನ ಈ ‘ನಿರೀಕ್ಷೆ’ ಎಂಬ ಮಾತು ಗಮನಿಸತಕ್ಕದ್ದು. ನಮ್ಮ ದಿನಬಳಕೆಯಲ್ಲಿ ನಿರೀಕ್ಷೆ ಎಂದರೆ ಬರುವುದು ಗೊತ್ತಿದ್ದದ್ದಕ್ಕೆ ಕಾಯುವುದು. ಬಸ್ಸಿನ ನಿರೀಕ್ಷೆ, ಪಗಾರದ ನಿರೀಕ್ಷೆ, ಮೂರು ವರ್ಷ ದುಡಿದ ಮೇಲೆ ಕಾಯಂ ಆಗುವ ನಿರೀಕ್ಷೆ. ಇದರಲ್ಲಿ ಲೆಕ್ಕಾಚಾರವಿದೆ. ಲೆಕ್ಕ ತಪ್ಪಿದಾಗ ಈ ನಿರೀಕ್ಷೆ ಸಾಯುತ್ತದೆ; ಗುತ್ತಿಗೆಯ ಕೆಲಸದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೆಕ್ಕವೆಲ್ಲ ತಪ್ಪಿದ ಮೇಲೂ ಉಳಿಯುವುದೊಂದು ಇದ್ದರೆ ಅದನ್ನು ಏನೆಂದು ಕರೆಯಬೇಕು? ಕ್ರೈಸ್ತರು ಅದಕ್ಕೂ ನಿರೀಕ್ಷೆ ಎಂದೇ ಅನ್ನುತ್ತಾರೆ. ಒಂದೇ ಶಬ್ದ, ಎರಡು ಅರ್ಥ. ಎರಡನೆಯ ಅರ್ಥ ತಿಳಿಯಬೇಕಾದರೆ ಆ ಭಾನುವಾರದ ಕಥೆಯನ್ನು ನಿಧಾನವಾಗಿ ಓದಬೇಕು.

ಶುಕ್ರವಾರ ಯೇಸುವನ್ನು ಶಿಲುಬೆಗೇರಿಸಿದರು. ಸಂಜೆಗೆ ಗುಹೆಯಂಥ ಸಮಾಧಿಯಲ್ಲಿ ಇಟ್ಟು ಬಾಯಿಗೆ ದೊಡ್ಡ ಬಂಡೆ ಮುಚ್ಚಿದರು. ಶಿಷ್ಯರಲ್ಲಿ ಬಹುಮಂದಿ ಹೆದರಿ ಅಡಗಿದ್ದರು. ಭಾನುವಾರ ನಸುಕಿನಲ್ಲಿ ಮಗ್ದಲದ ಮರಿಯಳೂ ಇನ್ನು ಕೆಲವು ಹೆಂಗಸರೂ ಸುಗಂಧದ್ರವ್ಯಗಳನ್ನು ಹಿಡಿದು ಸಮಾಧಿಗೆ ಹೊರಟರು. ಏತಕ್ಕಾಗಿ? ಪವಾಡ ನೋಡುವುದಕ್ಕಲ್ಲ. ಅವನು ಏಳುತ್ತಾನೆಂದು ಅವರು ಕಾದಿರಲೂ ಇಲ್ಲ. ಶವಕ್ಕೆ ಮಾಡಬೇಕಾದ ಕೊನೆಯ ಸೇವೆ ಅವಸರದಲ್ಲಿ ಅರೆಯಾಗಿ ಉಳಿದಿತ್ತು. ಅದನ್ನು ಮುಗಿಸಲು ಹೊರಟಿದ್ದರು. ಬಂಡೆಯನ್ನು ಸರಿಸುವ ಶಕ್ತಿ ತಮಗಿಲ್ಲವೆಂಬುದು ಅವರಿಗೆ ತಿಳಿದಿತ್ತು. ದಾರಿಯುದ್ದಕ್ಕೂ ಅದೇ ಚಿಂತೆ ಮಾತಾಡಿಕೊಂಡರು. ಆದರೂ ತಿರುಗಿ ಹೋಗಲಿಲ್ಲ.

ಈ ಸಣ್ಣ ವಿವರದಲ್ಲಿಯೇ ಕಥೆಯ ಜೀವವಿದೆ ಎಂದು ನಮಗೆ ತೋರುತ್ತದೆ. ಅವರ ಕೈಯಲ್ಲಿ ಇದ್ದದ್ದು ಕರ್ತವ್ಯ ಮತ್ತು ಪ್ರೀತಿ, ಭರವಸೆ ಇರಲಿಲ್ಲ. ಭರವಸೆ ಅವರಿಗೆ ಸಿಕ್ಕಿದ್ದು ಹೋದ ಮೇಲೆ. ಮನೆಯಲ್ಲೇ ಕುಳಿತು ಭರವಸೆ ಹುಟ್ಟಲೆಂದು ಕಾದಿದ್ದರೆ ಅವರಿಗೆ ಬಂಡೆ ಸರಿದದ್ದು ತಿಳಿಯುತ್ತಲೇ ಇರಲಿಲ್ಲ. ಸುದ್ದಿ ತಂದ ಆ ಹೆಂಗಸರ ಮಾತನ್ನು ಶಿಷ್ಯರು ಮೊದಲು ಹುಚ್ಚು ಮಾತೆಂದು ತಳ್ಳಿಹಾಕಿದರು ಎಂಬುದನ್ನೂ ಸುವಾರ್ತೆ ಬರೆದವರು ಮರೆಮಾಚಿಲ್ಲ.

ಇನ್ನೊಂದು ಸಂಗತಿ. ಎದ್ದು ಬಂದವನ ಮೈಮೇಲೆ ಗಾಯದ ಗುರುತುಗಳು ಹಾಗೆಯೇ ಇದ್ದವು. ತೋಮನೆಂಬ ಶಿಷ್ಯ ತಾನು ಆ ಗಾಯಗಳನ್ನು ಕಂಡು ಮುಟ್ಟಿದ ಹೊರತು ನಂಬುವುದಿಲ್ಲವೆಂದ. ಅವನನ್ನು ಹೊರಗೆ ಹಾಕಲಿಲ್ಲ. ಗಾಯ ತೋರಿಸಿ ಹತ್ತಿರ ಕರೆದರು. ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದು ಕ್ರಿಸ್ತನ ಸುದ್ದಿ ಹೇಳಿದವನು ಇದೇ ತೋಮನೆಂದು ಅಲ್ಲಿನ ಕ್ರೈಸ್ತ ಪರಂಪರೆ ನಂಬುತ್ತದೆ. ಅಂದರೆ, ಈಸ್ಟರಿನ ಸುದ್ದಿಯನ್ನು ನಮ್ಮ ದೇಶಕ್ಕೆ ತಂದವನು ಅದನ್ನು ಮೊದಲು ಸಂಶಯಿಸಿದವನೇ! ಪ್ರಶ್ನೆ ಕೇಳುವುದು ಶ್ರದ್ಧೆಗೆ ವಿರೋಧವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಇಷ್ಟರಲ್ಲಿ ಓದುಗ ಬಂಧುಗಳು ಕೇಳಬಹುದಾದ ಪ್ರಶ್ನೆಯೊಂದಿದೆ. ಇಂಥ ಮಾತುಗಳು ಬಡವನನ್ನು ಸುಮ್ಮನಿರಿಸುವ ಉಪಾಯವಲ್ಲವೇ? ಇಂದು ಸಹಿಸು, ನಾಳೆ ಒಳ್ಳೆಯದಾಗುತ್ತದೆ, ಈ ಲೋಕದಲ್ಲಲ್ಲದಿದ್ದರೆ ಆ ಲೋಕದಲ್ಲಿ ಎಂದು ಹೇಳಿ ಅವನ ದುಡಿಮೆ ತಿನ್ನುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಈ ಆಕ್ಷೇಪ ನ್ಯಾಯವಾದದ್ದು. ಇದಕ್ಕೆ ತರ್ಕದಿಂದ ಉತ್ತರ ಕೊಡುವುದಕ್ಕಿಂತ ಒಂದು ಬಾಳನ್ನು ಮುಂದಿಡುವುದು ಮೇಲು. ಆ ಬಾಳು ಕನ್ನಡ ನಾಡಿನಲ್ಲಿ ಹುಟ್ಟಿ ಇದೇ ಪುಣೆ ಜಿಲ್ಲೆಯಲ್ಲಿ ಮುಗಿಯಿತು.

ಪುಣೆಯಿಂದ ಕಲಬುರಗಿಯ ಕಡೆಗೆ ಹೋಗುವ ರೈಲು ದೌಂಡ ಮುಟ್ಟುವ ಮೊದಲು ಕೇಡಗಾಂವ ಎಂಬ ಸ್ಟೇಶನ್ ದಾಟುತ್ತದೆ. ಕನ್ನಡದ ಕಿವಿಗೆ ‘ಕೇಡು’ ಎಂದೇ ಕೇಳಿಸುವ ಹೆಸರು. ಹಬ್ಬಕ್ಕೆ ಊರಿಗೆ ಹೋಗುವ ನಮ್ಮವರಲ್ಲಿ ಎಷ್ಟೋ ಮಂದಿ ಅದನ್ನು ನಿದ್ದೆಯಲ್ಲೇ ದಾಟಿರುತ್ತಾರೆ. ಆ ಊರಿನಲ್ಲಿ ಪಂಡಿತಾ ರಮಾಬಾಯಿಯವರು ಕಟ್ಟಿದ ಸಂಸ್ಥೆ ಇಂದಿಗೂ ಇದೆ. ಅದರ ಹೆಸರು ಮುಕ್ತಿ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಕಾಡು ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ಜನರ ಮಾತು ಕೇಳಬೇಕಾದ ವಿದ್ವಾಂಸರು. ಮಗು ಆರು ತಿಂಗಳಿನದಿರುವಾಗ ಸಂಸಾರ ಊರು ಬಿಟ್ಟಿತು. ಪುರಾಣ ಹೇಳುತ್ತ ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ನಡೆಯುವುದೇ ಅವರ ಬದುಕಾಯಿತು. ವಲಸೆ ಎಂಬುದು ನಮಗೆ ಮಾತ್ರ ಬಂದದ್ದಲ್ಲ.

1870ರ ದಶಕದ ಬರದಲ್ಲಿ ಆ ಸಂಸಾರ ಮುರಿಯಿತು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಾಯಿ, ಆಮೇಲೆ ಅಕ್ಕ. ರಮಾಬಾಯಿಗೆ ಆಗ ಹದಿನಾರರ ವಯಸ್ಸು. ತಾಯಿಯ ಚಟ್ಟಕ್ಕೆ ಹೆಗಲು ಕೊಡಲು ನಾಲ್ಕು ಜನ ಕೂಡಿಬರಲಿಲ್ಲ. ಮಗಳೇ ಒಂದು ಮೂಲೆ ಹಿಡಿಯಬೇಕಾಯಿತು. ಎತ್ತರ ಸಾಲದ್ದರಿಂದ ಹೆಗಲಿಗೆ ಬದಲು ತಲೆಯ ಮೇಲೆ ಹೊತ್ತು ಸುಡುಗಾಡಿನವರೆಗೆ ನಡೆದರು. ನಸುಕಿನಲ್ಲಿ ಸಮಾಧಿಗೆ ಹೊರಟ ಆ ಹೆಂಗಸರಂತೆ ಇವರ ಕೈಯಲ್ಲೂ ಅಂದು ಇದ್ದದ್ದು ಕರ್ತವ್ಯ ಒಂದೇ.

ಮುಂದಿನ ಕಥೆ ಬಹುಮಂದಿಗೆ ಗೊತ್ತು. ಅಣ್ಣನೊಡನೆ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಲದ ವಕೀಲ ಬಿಪಿನ್ ಬಿಹಾರಿ ಮೇಧ್ವಿಯವರೊಡನೆ ಮದುವೆ, 1882ರಲ್ಲಿ ವೈಧವ್ಯ. ಮಗಳು ಮನೋರಮೆಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದರು. ಆದರೆ ಆಶ್ರಯ ಕೊಟ್ಟ ಮಠದ ಸೋದರಿಯರು ಹೇಳಿದ್ದನ್ನೆಲ್ಲ ತಲೆಬಾಗಿ ಒಪ್ಪಿಕೊಳ್ಳಲಿಲ್ಲ. ಒಂದೊಂದು ತತ್ತ್ವಕ್ಕೂ ಪ್ರಶ್ನೆ ಹಾಕಿ ಪತ್ರ ಬರೆದರು. ಈ ಬಗೆಯಲ್ಲಿ ಅವರೂ ತೋಮನ ಪಂಗಡದವರೇ.

ನಾವಿಲ್ಲಿ ಒತ್ತಿ ಹೇಳಬೇಕಾದದ್ದು 1896–97ರ ಸಂಗತಿ. ಮಧ್ಯಪ್ರಾಂತದಲ್ಲಿ ಬರ ಬಿತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ಬರ ಯಾರ ತಂದೆ, ತಾಯಿ, ಅಕ್ಕನನ್ನು ನುಂಗಿತ್ತೋ ಅವರೇ ಈಗ ಆ ಬರದ ಸೀಮೆಗೆ ಹೊರಟರು. ತಮ್ಮ ಹಳೆಯ ಹಸಿವನ್ನು ನೆನೆದೇ ಹೊರಟೆನೆಂದು ಅವರು ಬರೆದಿದ್ದಾರೆ. ಅನಾಥ ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದರು. ಸಂಖ್ಯೆ ಸುಮಾರು 300ಕ್ಕೆ ಮುಟ್ಟಿತು. ಆಗ ಪುಣೆಯಲ್ಲಿ ಪ್ಲೇಗಿನ ಹಾವಳಿ. ಇಷ್ಟು ಜನರನ್ನು ಪಟ್ಟಣದಲ್ಲಿ ಇಡುವಂತಿರಲಿಲ್ಲ. ಕೇಡಗಾಂವದಲ್ಲಿ ಕೊಂಡಿದ್ದ ಹೊಲಕ್ಕೆ ಅವರನ್ನು ಒಯ್ದರು. ಮುಕ್ತಿ ಹುಟ್ಟಿದ್ದು ಹೀಗೆ. 1900ರ ಗುಜರಾತಿನ ಬರದ ನಂತರ ಅಲ್ಲಿನವರ ಸಂಖ್ಯೆ ಸಾವಿರವನ್ನು ದಾಟಿತು.

ಆ ಹುಡುಗಿಯರಿಗೆ ಅವರು ಪರಲೋಕದ ಮಾತು ಹೇಳಿ ಕೈತೊಳೆದುಕೊಳ್ಳಲಿಲ್ಲ. ಓದು ಕಲಿಸಿದರು, ನೇಯ್ಗೆ, ಹೊಲಿಗೆ, ಹೊಲದ ಕೆಲಸ, ಅಚ್ಚಿನ ಕೆಲಸ ಕಲಿಸಿದರು. ಕುರುಡರಿಗೂ ಓದು ಕಲಿಸುವ ವ್ಯವಸ್ಥೆ ಮಾಡಿದರು. ಹೀಬ್ರೂ, ಗ್ರೀಕ್ ಮೂಲಗಳಿಂದ ತಾವು ಮಾಡಿದ ಮರಾಠಿ ಬೈಬಲ್ಲನ್ನು ಅಚ್ಚಿಗೆ ಜೋಡಿಸಿದವರು ಅಲ್ಲಿನ ಹೆಣ್ಣುಮಕ್ಕಳೇ. 1912–13ರ ಸುಮಾರಿಗೆ ಆಗಿನ ನಿಜಾಮ ಸೀಮೆಯ ಗುಲಬರ್ಗಾದಲ್ಲಿಯೂ ಶಾಲೆ ತೆರೆದರು. ಮನೋರಮೆ ಅದರ ಹೊಣೆ ಹೊತ್ತರು. ಇಂದು ಕಲಬುರಗಿಯಿಂದ ಚಾಕಣಕ್ಕೆ ದುಡಿಮೆ ಹುಡುಕಿ ಬರುವವರಿಗೆ, ನೂರು ವರ್ಷಗಳ ಹಿಂದೆ ಇದೇ ಹಾದಿಯಲ್ಲಿ ಪುಣೆ ಜಿಲ್ಲೆಯಿಂದ ಕಲಬುರಗಿಗೆ ಅಕ್ಷರ ಹೋಗಿತ್ತೆಂಬುದು ತಿಳಿದಿರಲಿ.

ಎಲ್ಲರೂ ಅವರನ್ನು ಮೆಚ್ಚಲಿಲ್ಲ ಎಂಬುದನ್ನೂ ಹೇಳಬೇಕು. 1889ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಪುಣೆಗೆ ಬಂದ ಶಾರದಾ ಸದನದ ಮೇಲೆ, ಅಲ್ಲಿ ಹಿಂದೂ ವಿಧವೆಯರನ್ನು ಮತಾಂತರದ ಕಡೆಗೆ ಎಳೆಯಲಾಗುತ್ತಿದೆ ಎಂಬ ಆರೋಪ ಬಂತು. 1893ರಲ್ಲಿ ಸಲಹಾ ಮಂಡಳಿಯಲ್ಲಿದ್ದ ನ್ಯಾಯಮೂರ್ತಿ ರಾನಡೆ, ಡಾ. ಭಾಂಡಾರಕರ ಮೊದಲಾದವರು ಹೊರಬಂದರು. ಹಲವು ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆ ವಾದದ ಎರಡೂ ಬದಿಗಳಲ್ಲಿ ಪ್ರಾಮಾಣಿಕರಿದ್ದರು. ಅನ್ನಕ್ಕೂ ಆಶ್ರಯಕ್ಕೂ ಬಂದವರ ಶ್ರದ್ಧೆಯನ್ನು ಮುಟ್ಟಬಾರದು ಎಂಬ ಎಚ್ಚರಿಕೆ ಇಂದಿಗೂ ಬೇಕಾದದ್ದೇ. ಆದರೆ ವಾದ ಮಾಡಿದವರೆಲ್ಲ ಬರದ ಸೀಮೆಗೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನಿಸದೆ ಇರದು.

ರಮಾಬಾಯಿಯವರ ಶ್ರದ್ಧೆ ಅವರನ್ನು ದುಃಖದಿಂದ ಪಾರುಮಾಡಿತೇ? ಇಲ್ಲ. 1921ರ ಜುಲೈಯಲ್ಲಿ ಮನೋರಮೆ ತಾಯಿಗಿಂತ ಮೊದಲೇ ತೀರಿಕೊಂಡರು. ಕೆಲಸ ಮುಂದುವರಿಸುವವಳೆಂದು ನಂಬಿದ್ದ ಒಬ್ಬಳೇ ಮಗಳು. ತಾಯಿ ಬೈಬಲ್ಲಿನ ಕೆಲಸಕ್ಕೆ ಮರಳಿದರು. 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲೇ ಕಣ್ಣು ಮುಚ್ಚಿದರು. ಆ ವರ್ಷದ ಈಸ್ಟರಿಗೆ ಇನ್ನೂ ಹನ್ನೊಂದು ದಿನಗಳಿದ್ದವು. ಲೆಕ್ಕಾಚಾರದ ನಿರೀಕ್ಷೆಯಿಂದ ನೋಡಿದರೆ ಇದು ಸೋಲಿನ ಬಾಳು. ಹೋದವರು ಯಾರೂ ತಿರುಗಿ ಬರಲಿಲ್ಲ. ಆದರೆ ಒಬ್ಬ ತಾಯಿಯ ಚಟ್ಟ ಹೊತ್ತ ತಲೆಯಿಂದಲೇ ಸಾವಿರ ಮಕ್ಕಳ ಮನೆ ಎದ್ದಿತು. ಗಾಯ ಮಾಯಲಿಲ್ಲ, ಗಾಯವೇ ದಾರಿ ತೋರಿಸಿತು. ನಿರೀಕ್ಷೆ ಎಂಬ ಮಾತಿನ ಎರಡನೆಯ ಅರ್ಥ ಇದು.

ಈ ಅರ್ಥದ ಪರೀಕ್ಷೆ ನಮ್ಮ ಕಾಲದಲ್ಲೂ ಬಂದು ಹೋಯಿತು. 2020ರ ಈಸ್ಟರ್ ಏಪ್ರಿಲ್ 12ರಂದು, ದೇಶವೆಲ್ಲ ಲಾಕ್‌ಡೌನ್ ಆಗಿದ್ದಾಗ ಬಂತು. ಚರ್ಚುಗಳ ಬಾಗಿಲು ಮುಚ್ಚಿತ್ತು. ಕಾರ್ಖಾನೆಗಳ ಭೋಂಗಾ ನಿಂತು ಚಾಕಣ ಮೌನವಾಗಿತ್ತು. ದಿನಗೂಲಿಯವರು ಮಕ್ಕಳನ್ನು ಹೆಗಲಿಗೇರಿಸಿಕೊಂಡು ಊರಿನ ದಾರಿ ಹಿಡಿದ ದಿನಗಳವು. ಶ್ರಮಿಕರ ವಿಶೇಷ ರೈಲು ಆರಂಭವಾದದ್ದು ಮೇ 1ರಂದು. ಆಗ ಸೋಂಕಿನ ಭಯದಿಂದ ಬಂಧುಗಳೇ ಶವದ ಹತ್ತಿರ ಬರಲು ಅಂಜಿದರು. ಪುಣೆಯಲ್ಲಿ ಮುಸ್ಲಿಂ ಸ್ವಯಂಸೇವಕರು ಮುಂದೆ ಬಂದು, ಹಿಂದೂ, ಕ್ರೈಸ್ತ, ಮುಸ್ಲಿಂ ಎನ್ನದೆ, ಆಯಾ ಧರ್ಮದ ಪದ್ಧತಿಯಂತೆ ಶವಗಳಿಗೆ ಸಂಸ್ಕಾರ ಮಾಡಿದರು. ಸುಗಂಧದ್ರವ್ಯ ಹಿಡಿದು ಹೊರಟ ಆ ಹೆಂಗಸರ ಕೆಲಸವೇ ಇದು. ಅದನ್ನು ಮಾಡಲು ಇಂಥ ಮತದವರೇ ಆಗಬೇಕೆಂದಿಲ್ಲ.

ಹಾಗಾದರೆ ಈಸ್ಟರ್ ಎಂದರೆ ಒಳ್ಳೆಯ ಕೆಲಸ ಮಾಡಿರಿ ಎಂಬ ಉಪದೇಶವಷ್ಟೇ ಎನ್ನಬಹುದೇ? ಹಾಗೆಂದರೆ ನೆರೆಯವರಿಗೆ ಅನ್ಯಾಯ ಮಾಡಿದಂತೆ. ಕ್ರಿಸ್ತನು ನಿಜವಾಗಿ ಎದ್ದಿರದಿದ್ದರೆ ತಮ್ಮ ನಂಬಿಕೆಯೆಲ್ಲ ವ್ಯರ್ಥವೆಂದು ಸಂತ ಪೌಲನು ಬಿಚ್ಚುಮನಸ್ಸಿನಿಂದ ಬರೆದಿದ್ದಾನೆ. ಅವರಿಗೆ ಅದು ರೂಪಕವಲ್ಲ, ನಡೆದ ಸಂಗತಿ. ಅದನ್ನು ಚಿಗುರೆಂದೋ ನೀತಿಕಥೆಯೆಂದೋ ಕರೆದು ನಮ್ಮ ಅಳತೆಗೆ ಕತ್ತರಿಸಿಕೊಳ್ಳುವುದು ಸೌಜನ್ಯದ ವೇಷದ ಉಪೇಕ್ಷೆ. ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆ ಎನ್ನುವವನು ಅನೇಕ ವೇಳೆ ಯಾವುದನ್ನೂ ಪೂರ್ತಿ ಕೇಳಿರುವುದಿಲ್ಲ. ನಂಬಲಾರದವರು ನಂಬಲಾರೆವೆಂದೇ ಹೇಳಲಿ; ತೋಮನಿಗೆ ಇದ್ದ ಸ್ಥಳ ಅವರಿಗೂ ಇದೆ. ಆದರೆ ಆ ನಂಬಿಕೆ ನಂಬಿದವರಿಂದ ಯಾವ ಕೆಲಸ ಮಾಡಿಸಿತು ಎಂಬುದನ್ನು ಗೌರವದಿಂದ ನೋಡಲಿ. ಕೇಡಗಾಂವದ ಕಟ್ಟಡಗಳನ್ನು ನೋಡಲು ಕ್ರೈಸ್ತರಾಗಬೇಕಿಲ್ಲ.

2026ರಲ್ಲಿ ಈಸ್ಟರ್ ಬೀಳುವುದು ಏಪ್ರಿಲ್ 5ರಂದು, ರಮಾಬಾಯಿಯವರ ಪುಣ್ಯತಿಥಿಯ ದಿನವೇ. ಅದು ಪಂಚಾಂಗದ ಆಕಸ್ಮಿಕ. ಆದರೆ ನೆನಪಿಗೆ ಒಳ್ಳೆಯ ಊರುಗೋಲು. ಕ್ಯಾಥೊಲಿಕರು ಈಸ್ಟರಿನ ಹಿಂದಿನ ರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಮಾಡಿ, ಅದರಿಂದ ಒಂದು ದೊಡ್ಡ ಮೇಣದ ಬತ್ತಿ ಹಚ್ಚಿ ಒಳಗೆ ತರುತ್ತಾರೆ. ಆ ಒಂದರಿಂದ ಒಬ್ಬರ ಬತ್ತಿಯಿಂದ ಒಬ್ಬರು ಹಚ್ಚಿಕೊಳ್ಳುತ್ತಾರೆ. ದೀಪದಿಂದ ದೀಪ ಹಚ್ಚುವುದು ನಮಗೇನೂ ಹೊಸದಲ್ಲ. ಹೊಸದಾಗಿ ಕಲಿಯಬೇಕಾದದ್ದು ಕತ್ತಲೆಯಲ್ಲೇ ಹೊರಡುವುದನ್ನು. ಕೆಲಸ ಕಳೆದುಕೊಂಡ ನೆರೆಯವನ ಬಾಗಿಲು, ಹೆಣ ಬಿದ್ದ ಪರವೂರಿನವನ ಖೋಲಿ, ಶಾಲೆ ಬಿಟ್ಟ ಹುಡುಗಿಯ ಗುಡಿಸಲು, ಇವು ಚಾಕಣದಲ್ಲಿ ಯಾರಿಗೂ ದೂರವಿಲ್ಲ. ಬಂಡೆ ದೊಡ್ಡದೆಂಬುದು ನಮಗೂ ಗೊತ್ತು. ಸರಿಸುವ ಶಕ್ತಿ ಸಾಲದೆಂಬುದೂ ಗೊತ್ತು. ಕೈಯಲ್ಲಿರುವಷ್ಟನ್ನು ಹಿಡಿದು ಹೊರಡೋಣ. ಮಿಕ್ಕದ್ದು ಹೋದ ಮೇಲೆ ತಿಳಿಯುತ್ತದೆ.